ಗಣಕದ ಮುದ್ರೆಯುಂಗುರ

ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದಲ್ಲಿ ಒಂದು ಉಂಗುರದ ಪ್ರಸಂಗ ಬರುತ್ತದೆ. ನಂದರ ಅಮಾತ್ಯನಾದ ರಾಕ್ಷಸನು ಪಾಟಲಿಪುತ್ರವನ್ನು ಬಿಟ್ಟು ಹೋಗುವಾಗ ತನ್ನ ಮಡದಿ ಮಕ್ಕಳನ್ನು ಮಿತ್ರನಾದ ಚಂದನದಾಸನ ಮನೆಯಲ್ಲಿ ಇರಿಸಿರುತ್ತಾನೆ. ಅಮಾತ್ಯನ ಹೆಸರನ್ನು ಕೆತ್ತಿದ ಮುದ್ರೆಯುಂಗುರ ಆಕೆಯ ಬೆರಳಿನಲ್ಲಿರುತ್ತದೆ. ಒಂದು ದಿನ ಹೊರಗೆ ಓಡಲು ಹೊರಟ ಮಗುವನ್ನು ಆಕೆ ಬಾಗಿಲ ಮರೆಯಿಂದ ಕೈಚಾಚಿ ಹಿಡಿದೆಳೆದಾಗ, ಗಂಡಸಿನ ಬೆರಳಿನ ಅಳತೆಗೆ ಮಾಡಿಸಿದ್ದ ಆ ಉಂಗುರ ಜಾರಿ ಬಿದ್ದು ಚಾಣಕ್ಯನ ಗೂಢಚಾರನ ಕೈಸೇರುತ್ತದೆ. ಚಾಣಕ್ಯನು ಒಂದು ಕಪಟಪತ್ರವನ್ನು ಬರೆಯಿಸಿ, ಅದರ ಮೇಲೆ ಆ ಉಂಗುರದಿಂದ ಮುದ್ರೆಯೊತ್ತಿಸುತ್ತಾನೆ. ಆ ಪತ್ರವನ್ನು ನೋಡಿದ ಮಲಯಕೇತುವು ತನಗಾಗಿ ದುಡಿಯುತ್ತಿದ್ದ ರಾಕ್ಷಸನನ್ನೇ ದ್ರೋಹಿಯೆಂದು ಬಗೆದು ದೂರ ಮಾಡುತ್ತಾನೆ. ಕತ್ತಿಯನ್ನು ಹಿರಿಯದೆಯೇ ಒಂದು ಸೈನ್ಯ ಚದುರಿಹೋಗುತ್ತದೆ. ಇದೇ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ ಎಂಬ ಗದ್ಯಕೃತಿಯಾಗಿ ಕನ್ನಡಕ್ಕೆ ತಂದನು.

ಮುದ್ರೆಯ ಸ್ವಭಾವವೇ ಹಾಗೆ. ಅದನ್ನು ಒತ್ತಿದವರು ಯಾರು, ಏಕೆ ಒತ್ತಿದರು ಎಂಬುದನ್ನು ಅದು ಹೇಳುವುದಿಲ್ಲ. ಅಧಿಕಾರ ಯಾರದು ಎಂಬುದನ್ನು ಮಾತ್ರ ಸಾರುತ್ತದೆ. ಇಂದಿನ ಗಣಕಯಂತ್ರಗಳ ಒಳಗೂ ಇಂಥ ಮುದ್ರೆಯುಂಗುರಗಳಿವೆ. ಒಂದು ಪ್ರೋಗ್ರಾಂ ಯಾವುದಾದರೂ ಕಡತಕ್ಕೆ ಒಂದು ಸಾಲನ್ನು ಬರೆಯಬೇಕಾದರೂ ಯಾರೋ ಒಬ್ಬರ ಹೆಸರಿನಲ್ಲಿ, ಯಾರೋ ಒಬ್ಬರ ಅಧಿಕಾರದ ಮೇಲೆ ಬರೆಯಬೇಕು. ಬರೆಯುವ ಪ್ರೋಗ್ರಾಂ ಯಾವುದು ಎಂಬುದಕ್ಕಿಂತ, ಅದು ಯಾರ ಉಂಗುರವನ್ನು ತೊಟ್ಟು ಬರೆಯುತ್ತಿದೆ ಎಂಬುದೇ ಅನೇಕ ವೇಳೆ ಮುಖ್ಯವಾಗುತ್ತದೆ. ಗಣಕಯಂತ್ರವನ್ನು ಕಟ್ಟಿದವರಿಗೆ ಈ ಸತ್ಯ ಮೊದಲಿಗೇ ತಿಳಿದಿರಲಿಲ್ಲ. ಒಂದೊಂದು ಅನಾಹುತವಾದಾಗ ಒಂದೊಂದಂಶ ತಿಳಿಯುತ್ತ ಬಂತು.

1950ರ ದಶಕದಲ್ಲಿ ಗಣಕಯಂತ್ರವೆಂದರೆ ಒಂದು ಕೋಣೆಯನ್ನೇ ತುಂಬುವಂಥ ಯಂತ್ರ. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಒಬ್ಬರಾದ ಮೇಲೆ ಒಬ್ಬರು ತಂದೊಪ್ಪಿಸಿ, ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯುತ್ತಿದ್ದರು. ಒಬ್ಬರ ಕೆಲಸ ಮುಗಿದ ಮೇಲೆಯೇ ಮತ್ತೊಬ್ಬರದು. ಈ ಕಾಯುವಿಕೆಯನ್ನು ತಪ್ಪಿಸುವ ಉಪಾಯವೊಂದನ್ನು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೋ ಕೊರ್ಬಾಟೋ ಮತ್ತು ಅವರ ಸಂಗಡಿಗರು 1961ರ ನವೆಂಬರ್ ತಿಂಗಳಲ್ಲಿ ಪ್ರದರ್ಶಿಸಿದರು. ಒಂದೇ ಯಂತ್ರದ ಕಾಲವನ್ನು ಕ್ಷಣಕ್ಷಣಗಳಾಗಿ ಸೀಳಿ ಹಲವರಿಗೆ ಹಂಚುವ ಏರ್ಪಾಡು ಅದು, ಸಿ.ಟಿ.ಎಸ್.ಎಸ್. ಎಂಬುದು ಅದರ ಹೆಸರು. ಬೇರೆ ಬೇರೆ ಮೇಜುಗಳ ಮುಂದೆ ಕುಳಿತವರಿಗೆಲ್ಲ ಯಂತ್ರವು ತಮ್ಮೊಬ್ಬರದೇ ಎಂಬಂತೆ ತೋರುತ್ತಿತ್ತು.

ಯಂತ್ರವನ್ನು ಹಂಚಿಕೊಂಡರು, ಕಡತಗಳನ್ನು ಹಂಚಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಒಂದೇ ಛಾವಣಿಯ ಕೆಳಗೆ ಹತ್ತು ಸಂಸಾರಗಳು ಹೂಡಿದಂತೆ, ಒಂದೇ ಯಂತ್ರದಲ್ಲಿ ಹಲವರ ಲೆಕ್ಕಪತ್ರಗಳು ಕೂಡಿಬಿದ್ದಿದ್ದವು. ಆದುದರಿಂದ ಪ್ರತಿಯೊಬ್ಬರಿಗೂ ಒಂದು ಹೆಸರು, ಆ ಹೆಸರು ತಮ್ಮದೇ ಎಂಬುದಕ್ಕೆ ಸಾಕ್ಷಿಯಾಗಿ ಒಂದು ಗುಪ್ತಪದ, ಎಂದರೆ ಪಾಸ್‌ವರ್ಡ್, ಗೊತ್ತಾಯಿತು. ಹೆಸರನ್ನೂ ಗುಪ್ತಪದವನ್ನೂ ಸರಿಯಾಗಿ ಹೇಳಿದವರಿಗೆ ಮಾತ್ರ ಯಂತ್ರವು ಅವರ ಕಡತಗಳನ್ನು ತೆರೆದುಕೊಡುತ್ತಿತ್ತು.

ಈ ಬೀಗ ಹೆಚ್ಚು ದಿನ ನಿಲ್ಲಲಿಲ್ಲ. ಆಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕು ಗಂಟೆಗಳ ಯಂತ್ರಕಾಲ ದೊರೆಯುತ್ತಿತ್ತು. ಅವರ ಲೆಕ್ಕಾಚಾರಕ್ಕೆ ಅದು ಏನೇನೂ ಸಾಲದು. 1962ರಲ್ಲಿ ಅವರು ಒಂದು ದಾರಿಯನ್ನು ಕಂಡುಕೊಂಡರು. ಕಡತದ ಹೆಸರನ್ನು ಒಂದು ಕಾರ್ಡಿನಲ್ಲಿ ಕೊರೆದು ಕೊಟ್ಟರೆ, ಅದನ್ನು ಕಾಗದದ ಮೇಲೆ ಮುದ್ರಿಸಿಕೊಡುವ ಅನುಕೂಲ ಅಲ್ಲಿ ಇತ್ತು. ಒಂದು ಶುಕ್ರವಾರ ರಾತ್ರಿ ಶೆರ್ ಅವರು ಎಲ್ಲರ ಗುಪ್ತಪದಗಳಿದ್ದ ಕಡತದ ಹೆಸರನ್ನೇ ಬರೆದು ಕಾರ್ಡನ್ನು ಒಪ್ಪಿಸಿದರು. ಶನಿವಾರ ಬೆಳಿಗ್ಗೆ ಪಟ್ಟಿ ಮುದ್ರಿತವಾಗಿ ಸಿದ್ಧವಾಗಿತ್ತು. ಹಲವು ವರ್ಷಗಳ ತರುವಾಯ ಅವರೇ ಈ ಸಂಗತಿಯನ್ನು ಒಪ್ಪಿಕೊಂಡರು. ಇಲ್ಲಿ ಯಾರೂ ಗುಪ್ತಪದವನ್ನು ಊಹಿಸಲಿಲ್ಲ, ಬೀಗವನ್ನು ಒಡೆಯಲಿಲ್ಲ ಎಂಬುದು ಗಮನಾರ್ಹ. ಮುದ್ರಿಸಿಕೊಡುವ ಏರ್ಪಾಡಿಗೆ ಎಲ್ಲರ ಕಡತಗಳನ್ನೂ ಓದುವ ಅಧಿಕಾರವಿತ್ತು. ಕೇಳಿದವರಿಗೆ ಆ ಅಧಿಕಾರ ಇದೆಯೇ ಎಂದು ವಿಚಾರಿಸುವ ಪದ್ಧತಿ ಅದಕ್ಕಿರಲಿಲ್ಲ.

ಅದೇ ಏರ್ಪಾಡಿನಲ್ಲಿ 1966ರಲ್ಲಿ ನಡೆದ ಇನ್ನೊಂದು ಘಟನೆ ಮತ್ತೂ ವಿಚಿತ್ರವಾದುದು. ಒಂದು ಮಧ್ಯಾಹ್ನ ಯಂತ್ರದ ಮುಂದೆ ಕುಳಿತು ಹೆಸರು ಹೇಳಿದವರಿಗೆಲ್ಲ, ಎಂದಿನ ದಿನದ ಪ್ರಕಟಣೆಯ ಬದಲು ಎಲ್ಲ ಬಳಕೆದಾರರ ಗುಪ್ತಪದಗಳೂ ಸಾಲುಸಾಲಾಗಿ ಅಚ್ಚಾಗಿ ಬರತೊಡಗಿದವು! ಇದರಲ್ಲಿ ಕಳ್ಳರ ಕೈವಾಡ ಇರಲೇ ಇಲ್ಲ. ಕಡತವನ್ನು ತಿದ್ದುವ ಪ್ರೋಗ್ರಾಂ ತನ್ನ ಕೆಲಸದ ನಡುವೆ ಒಂದು ತಾತ್ಕಾಲಿಕ ಕಡತಕ್ಕೆ ಬರೆದಿಡುತ್ತಿತ್ತು. ಆ ತಾತ್ಕಾಲಿಕ ಕಡತಕ್ಕೆ ಯಾವಾಗಲೂ ಒಂದೇ ಹೆಸರು. ಒಂದು ಹೆಸರಿನಲ್ಲಿ ಒಬ್ಬರು ಮಾತ್ರ ಕೆಲಸ ಮಾಡುವಷ್ಟು ಕಾಲ ಅದರಿಂದ ತೊಂದರೆಯಿರಲಿಲ್ಲ. ಮುಂದೆ ಯಂತ್ರದ ಮೇಲ್ವಿಚಾರಕರು ತಮ್ಮ ಅನುಕೂಲಕ್ಕಾಗಿ, ಒಂದೇ ಹೆಸರಿನಲ್ಲಿ ಇಬ್ಬರು ಏಕಕಾಲಕ್ಕೆ ದುಡಿಯಬಹುದೆಂದು ನಿಯಮವನ್ನು ಸಡಿಲಿಸಿಕೊಂಡರು. ಒಬ್ಬರು ದಿನದ ಪ್ರಕಟಣೆಯನ್ನು ತಿದ್ದುತ್ತಿದ್ದಾಗಲೇ ಇನ್ನೊಬ್ಬರು ಗುಪ್ತಪದಗಳ ಕಡತವನ್ನು ತಿದ್ದಿದರು. ಎರಡೂ ಒಂದೇ ತಾತ್ಕಾಲಿಕ ಕಡತದಲ್ಲಿ ಬೆರೆತು, ಒಂದರ ಜಾಗಕ್ಕೆ ಇನ್ನೊಂದು ಹೋಗಿ ಕುಳಿತಿತು. ಕೊರ್ಬಾಟೋ ಅವರು 1990ರ ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸಿ ಮಾಡಿದ ಭಾಷಣದಲ್ಲಿ ಈ ಪ್ರಸಂಗವನ್ನು ಯಾವ ಸಂಕೋಚವೂ ಇಲ್ಲದೆ ವಿವರಿಸಿದರು. ದೊಡ್ಡ ವ್ಯವಸ್ಥೆಗಳು ಹೇಗೆ ಕೆಡುತ್ತವೆ ಎಂಬುದೇ ಆ ಭಾಷಣದ ವಿಷಯವಾಗಿತ್ತು.

ಇಂಥ ಅನುಭವಗಳ ಹಿನ್ನೆಲೆಯಲ್ಲಿ, 1969ರಿಂದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ರೂಪಿಸಿದರು. ಇಂದಿನ ಲಿನಕ್ಸ್ ಯಂತ್ರಗಳು ಅದರ ಮಾದರಿಯನ್ನೇ ಅನುಸರಿಸುತ್ತವೆ. ಜನರ ಕೈಯಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ತಳಹದಿಯಲ್ಲಿಯೂ ಲಿನಕ್ಸ್ ಇದೆ. ಯುನಿಕ್ಸಿನಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸಂಖ್ಯೆ ಇರುತ್ತದೆ. ಅವನು ನಡೆಸುವ ಪ್ರೋಗ್ರಾಂ ಆ ಸಂಖ್ಯೆಯನ್ನು ಉಂಗುರದಂತೆ ತೊಟ್ಟುಕೊಂಡೇ ಓಡುತ್ತದೆ. ಅದು ಹೊಸದಾಗಿ ಬರೆದ ಕಡತಕ್ಕೂ ಆ ಸಂಖ್ಯೆಯ ಒಡೆತನವೇ ಅಂಟಿಕೊಳ್ಳುತ್ತದೆ. 0 ಎಂಬ ಸಂಖ್ಯೆಯವನು ‘ರೂಟ್’, ಎಂದರೆ ಮೂಲಾಧಿಕಾರಿ. ಯಾವ ಕಡತದ ಬಾಗಿಲೂ ಅವನಿಗೆ ಮುಚ್ಚಿರುವುದಿಲ್ಲ.

ಕಡತಗಳ ಮೇಲಿನ ಅನುಮತಿಯನ್ನು ಗುರುತಿಸುವ ಕ್ರಮ ಸರಳವಾಗಿಯೂ ಸೊಗಸಾಗಿಯೂ ಇದೆ. ಓದುವ ಅನುಮತಿಗೆ 4, ಬರೆಯುವ ಅನುಮತಿಗೆ 2, ಪ್ರೋಗ್ರಾಮಾಗಿ ನಡೆಸುವ ಅನುಮತಿಗೆ 1 ಎಂದು ಬೆಲೆ ಕಟ್ಟಲಾಗಿದೆ. ಬೇಕಾದವನ್ನು ಕೂಡಿಸಿದರೆ 0ಯಿಂದ 7ರವರೆಗೆ ಒಂದು ಅಂಕಿ ಬರುತ್ತದೆ. ಯಾವ ಎರಡು ಬಗೆಯ ಕೂಡಿಕೆಗೂ ಒಂದೇ ಮೊತ್ತ ಬರುವುದಿಲ್ಲ. ಇಂಥ ಮೂರು ಅಂಕಿಗಳಲ್ಲಿ ಮೊದಲನೆಯದು ಒಡೆಯನಿಗೆ, ಎರಡನೆಯದು ಅವನ ಗುಂಪಿನವರಿಗೆ, ಮೂರನೆಯದು ಉಳಿದ ಎಲ್ಲರಿಗೆ. 640 ಎಂದರೆ ಒಡೆಯನು ಓದಬಹುದು, ಬರೆಯಬಹುದು, ಗುಂಪಿನವರು ಓದಬಹುದು, ಉಳಿದವರು ಏನನ್ನೂ ಮಾಡುವಂತಿಲ್ಲ. 600 ಎಂದರೆ ಒಡೆಯನ ಹೊರತು ಬೇರೆ ಯಾರೂ ಮುಟ್ಟುವಂತಿಲ್ಲ. 666 ಎಂದರೆ ಹಾದಿಹೋಕನೂ ಬಂದು ತಿದ್ದಿ ಹೋಗಬಹುದು.

ಈ ಏರ್ಪಾಡು ನಿತ್ಯದ ಕೆಲಸದಲ್ಲಿ ಹೇಗೆ ಎದುರಾಗುತ್ತದೆ ಎಂಬುದಕ್ಕೆ ಒಂದು ಶಾಲೆಯ ಕಚೇರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆ ದಿನದ ಹಾಜರಿಯನ್ನೆಲ್ಲ ತರಗತಿವಾರು ಕೂಡಿಸಿ, ರಾತ್ರಿ ಹನ್ನೊಂದು ಗಂಟೆಗೆ ಒಂದು ವರದಿಯ ಕಡತವನ್ನು ಬರೆದಿಡಬೇಕಾಗಿದೆ. ಆ ಹೊತ್ತಿನಲ್ಲಿ ಕಚೇರಿಯಲ್ಲಿ ಯಾರೂ ಇರುವುದಿಲ್ಲ. ಯಂತ್ರವು ಮಾಡಬೇಕಾದ ಕೆಲಸಗಳನ್ನು ಒಂದರ ಕೆಳಗೊಂದರಂತೆ ಬರೆದಿಟ್ಟ ಆದೇಶಗಳ ಪಟ್ಟಿಗೆ ಸ್ಕ್ರಿಪ್ಟ್ ಎಂದು ಹೆಸರು. ಗೊತ್ತಾದ ವೇಳೆಗೆ ಸ್ಕ್ರಿಪ್ಟನ್ನು ಎಬ್ಬಿಸಿ ನಡೆಸಲು ಯುನಿಕ್ಸಿನಲ್ಲಿ ಕ್ರಾನ್ ಎಂಬ ಜಾಗರಣೆಯ ಪ್ರೋಗ್ರಾಂ ಇದೆ.

ಮನುಷ್ಯನು ಎದುರಿಗಿಲ್ಲದಿರುವಾಗ ಸ್ಕ್ರಿಪ್ಟು ಯಾರ ಹೆಸರಿನಲ್ಲಿ ಓಡಬೇಕು? ಮೇಲ್ವಿಚಾರಕನು ಅವಸರದಲ್ಲಿ ಅದನ್ನು ರೂಟ್ ಹೆಸರಿನಲ್ಲಿ ಓಡಲು ಬಿಟ್ಟನೆಂದು ಇಟ್ಟುಕೊಂಡರೆ, ವರದಿಯ ಕಡತ ರೂಟಿನ ಸ್ವತ್ತಾಗುತ್ತದೆ. ಬೆಳಿಗ್ಗೆ ಬಂದ ಗುಮಾಸ್ತರು ಅದರಲ್ಲಿ ಒಂದು ತಪ್ಪನ್ನು ತಿದ್ದಲು ಹೋದರೆ ಅನುಮತಿಯಿಲ್ಲವೆಂಬ ಉತ್ತರ ಬರುತ್ತದೆ. ಆಗ ಬೇಸತ್ತವರು ಮಾಡುವ ಉಪಾಯ ಒಂದೇ: ಕಡತಕ್ಕೆ 666 ಎಂಬ ಅನುಮತಿಯನ್ನು ಕೊಟ್ಟು ಕೈತೊಳೆದುಕೊಳ್ಳುವುದು. ಬೀಗದ ಕೈ ಸಿಕ್ಕಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟಂತೆ ಇದು. ರೂಟ್ ಹೆಸರಿನಲ್ಲಿ ಓಡುವ ಸ್ಕ್ರಿಪ್ಟಿನ ಅಪಾಯ ಇದಕ್ಕಿಂತ ದೊಡ್ಡದು. ಅದರಲ್ಲಿ ಕಡತದ ಹೆಸರನ್ನು ಬರೆಯುವಾಗ ಒಂದಕ್ಷರ ತಪ್ಪಿ, ಅದು ಬೇರೊಂದು ಮುಖ್ಯ ಕಡತದ ಹೆಸರಾಗಿಬಿಟ್ಟರೆ, ತಡೆಯುವವರು ಯಾರೂ ಇಲ್ಲ. ಹಳೆಯದು ಅಳಿದು ಹಾಜರಿಯ ಲೆಕ್ಕ ಅದರ ಮೇಲೆ ಬಂದು ಕೂರುತ್ತದೆ.

ಅನುಭವಿಗಳು ಹಾಗೆ ಮಾಡುವುದಿಲ್ಲ. ಅವರು ‘ವರದಿ’ ಎಂಬಂಥ ಒಂದು ಪ್ರತ್ಯೇಕ ಹೆಸರನ್ನೇ ಯಂತ್ರದಲ್ಲಿ ಸೃಷ್ಟಿಸುತ್ತಾರೆ. ಆ ಹೆಸರಿಗೆ ಹಾಜರಿಯ ಕಡತಗಳನ್ನು ಓದುವ ಅನುಮತಿ, ವರದಿಗಳ ಕೋಶದಲ್ಲಿ ಬರೆಯುವ ಅನುಮತಿ, ಇವೆರಡನ್ನು ಬಿಟ್ಟು ಬೇರೇನನ್ನೂ ಕೊಡುವುದಿಲ್ಲ. ಗುಮಾಸ್ತರನ್ನು ಅದರ ಗುಂಪಿಗೆ ಸೇರಿಸಿ, ಕಡತಕ್ಕೆ 660 ಎಂದು ಗೊತ್ತುಮಾಡುತ್ತಾರೆ. ಆಗ ಸ್ಕ್ರಿಪ್ಟು ಎಷ್ಟೇ ತಪ್ಪಿ ನಡೆದರೂ ತನ್ನ ಅಂಗಳವನ್ನು ದಾಟಲಾರದು. ಆಂಡ್ರಾಯ್ಡ್ ದೂರವಾಣಿಯೂ ಇದೇ ಜಾಣತನವನ್ನು ಬಳಸಿದೆ: ಅದರಲ್ಲಿ ಹಾಕಿಕೊಂಡ ಒಂದೊಂದು ಆ್ಯಪ್‌ಗೂ ಸಾಮಾನ್ಯವಾಗಿ ಒಂದೊಂದು ಬೇರೆ ಬಳಕೆದಾರ ಸಂಖ್ಯೆ. ಫೋನಿನ ಒಡೆಯ ಒಬ್ಬನೇ ಆದರೂ ಯಂತ್ರದ ಕಣ್ಣಿಗೆ ಅಲ್ಲಿ ಹತ್ತಾರು ಮಂದಿ ನೆಲೆಸಿರುತ್ತಾರೆ.

ವರದಿಯನ್ನು ಅದೇ ಯಂತ್ರದಲ್ಲಿ ಇಡದೆ ಜಿಲ್ಲಾ ಕೇಂದ್ರದ ಇನ್ನೊಂದು ಯಂತ್ರಕ್ಕೆ ಕಳುಹಿಸಿ ಬರೆಯಬೇಕಾದರೆ ಮತ್ತೊಂದು ತೊಡಕು ಹುಟ್ಟುತ್ತದೆ. ಅಲ್ಲಿಯ ಯಂತ್ರಕ್ಕೆ ಇಲ್ಲಿಯವರ ಪರಿಚಯವಿಲ್ಲ. ಅದು ಹೆಸರನ್ನೂ ಗುಪ್ತಪದವನ್ನೂ ಕೇಳುತ್ತದೆ. ನಡುರಾತ್ರಿಯಲ್ಲಿ ಅದನ್ನು ಹೇಳುವವರಾರು? ಸ್ಕ್ರಿಪ್ಟೇ ಹೇಳಬೇಕು. ಹೇಳಬೇಕಾದರೆ ಗುಪ್ತಪದ ಎಲ್ಲಾದರೂ ಬರೆದಿರಬೇಕು.

ಗುಪ್ತಪದವನ್ನು ಕೇಳುವ ಯಂತ್ರಕ್ಕೂ ಹೇಳುವ ಯಂತ್ರಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಮನಗಾಣಬೇಕು. ಕೇಳುವ ಯಂತ್ರವು ಗುಪ್ತಪದವನ್ನು ಇದ್ದಂತೆಯೇ ಬರೆದಿಟ್ಟುಕೊಳ್ಳಬೇಕಾಗಿಲ್ಲ. ಯುನಿಕ್ಸಿನಲ್ಲಿ ಅದನ್ನು ಒಂದು ಗಣಿತಕ್ರಿಯೆಯಿಂದ ಅರೆದು, ಬಂದ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದರು. ಅಕ್ಕಿಯಿಂದ ಹಿಟ್ಟಾಗುತ್ತದೆ, ಹಿಟ್ಟಿನಿಂದ ಅಕ್ಕಿಯಾಗದು. ಬಳಕೆದಾರನು ಬಂದು ಗುಪ್ತಪದವನ್ನು ಹೇಳಿದಾಗ ಅದನ್ನೂ ಹಾಗೆಯೇ ಅರೆದು, ಎರಡು ಹಿಟ್ಟುಗಳೂ ಒಂದೇ ಆದರೆ ಒಳಗೆ ಬಿಡುವುದು. ಇಬ್ಬರ ಗುಪ್ತಪದ ಒಂದೇ ಆಗಿದ್ದರೂ ಹಿಟ್ಟು ಬೇರೆಯಾಗಲೆಂದು, ಅರೆಯುವ ಮೊದಲು ಯಾದೃಚ್ಛಿಕವಾದ ಒಂದು ಸಂಖ್ಯೆಯನ್ನು ಬೆರೆಸುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ಉಪ್ಪು’! ಮೊದಲ ಏರ್ಪಾಡಿನಲ್ಲಿ ಇಂಥ 4096 ಬಗೆಯ ಉಪ್ಪುಗಳಿದ್ದವು.

ಹಿಟ್ಟಿನ ಜಾಣತನಕ್ಕೂ ಮಿತಿಯುಂಟು. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಅವರು 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಜನರಿಂದ ಸಂಗ್ರಹಿಸಿದ 3289 ಗುಪ್ತಪದಗಳ ಪರೀಕ್ಷೆಯ ಫಲವನ್ನು ಕೊಟ್ಟಿದ್ದಾರೆ. ಅವುಗಳಲ್ಲಿ 15 ಗುಪ್ತಪದಗಳು ಒಂದೇ ಅಕ್ಷರದವು; 72 ಎರಡಕ್ಷರದವು; 464 ಮೂರಕ್ಷರದವು. ನಿಘಂಟಿನಲ್ಲಿಯೋ ಹೆಸರುಗಳ ಪಟ್ಟಿಯಲ್ಲಿಯೋ ದೊರೆಯುವಂಥವು ಇನ್ನೂ ಹಲವು ನೂರು. ಒಟ್ಟಿನಲ್ಲಿ 2831, ಎಂದರೆ ನೂರಕ್ಕೆ 86ರಷ್ಟು, ಸುಲಭವಾಗಿ ಪತ್ತೆಯಾಗುವಂಥವಾಗಿದ್ದವು. ಯಾರ ಮನೆಯಲ್ಲಿ ಯಾವ ಅಕ್ಕಿಯೆಂದು ಊಹಿಸಬಲ್ಲವನು ತಾನೇ ಅರೆದು ನೋಡಿ ಹಿಟ್ಟನ್ನು ಹೋಲಿಸಿಕೊಳ್ಳುತ್ತಾನೆ.

ಹೇಳುವ ಸ್ಕ್ರಿಪ್ಟಿಗಾದರೋ ಹಿಟ್ಟು ಪ್ರಯೋಜನಕ್ಕೆ ಬಾರದು. ಅದರ ಬಳಿ ಅಕ್ಕಿಯೇ ಇರಬೇಕು. ಹೀಗಾಗಿ ಅನೇಕರು ಗುಪ್ತಪದವನ್ನು ಸ್ಕ್ರಿಪ್ಟಿನ ಒಂದು ಸಾಲಿನಲ್ಲಿಯೇ ಬರೆದುಬಿಡುತ್ತಾರೆ. ಸ್ಕ್ರಿಪ್ಟನ್ನು ಸಹೋದ್ಯೋಗಿಗೆ ತೋರಿಸುವಾಗ, ಪ್ರತಿ ತೆಗೆದು ಬೇರೆಡೆ ಇಡುವಾಗ, ಗುಪ್ತಪದವೂ ಅದರ ಜೊತೆಯಲ್ಲಿ ಪ್ರಯಾಣ ಮಾಡುತ್ತದೆ. 2016ರಲ್ಲಿ ಊಬರ್ ಸಂಸ್ಥೆಗೆ ಬಂದೊದಗಿದ ವಿಪತ್ತು ಈ ಬಗೆಯದು. ಅದರ ಇಂಜಿನಿಯರುಗಳು ಪ್ರೋಗ್ರಾಮುಗಳನ್ನು ಇರಿಸಿದ್ದ ಉಗ್ರಾಣಕ್ಕೆ ನುಗ್ಗಿದವರಿಗೆ, ಅಲ್ಲಿಯೇ ಬರೆದಿಟ್ಟಿದ್ದ ಮತ್ತೊಂದು ಭಂಡಾರದ ಕೀಲಿಯೂ ಸಿಕ್ಕಿತು. ಪ್ರಯಾಣಿಕರು ಮತ್ತು ಚಾಲಕರು ಸೇರಿ 5.7 ಕೋಟಿ ಜನರ ವಿವರಗಳು ಹೊರಬಿದ್ದವು. ಸಂಸ್ಥೆಯು ಇದನ್ನು ಬಹಿರಂಗಪಡಿಸಿದ್ದು 2017ರ ನವೆಂಬರಿನಲ್ಲಿ.

ಆದುದರಿಂದ ಗುಪ್ತಪದವನ್ನು ಸ್ಕ್ರಿಪ್ಟಿನಿಂದ ಬೇರ್ಪಡಿಸಿ ಒಂದು ಪ್ರತ್ಯೇಕ ಕಡತದಲ್ಲಿರಿಸಿ, ಅದಕ್ಕೆ 600 ಎಂಬ ಅನುಮತಿಯನ್ನು ಕೊಡುವುದು ವಾಡಿಕೆ. ಗುಪ್ತಪದಕ್ಕೆ ಬದಲಾಗಿ ಕೀಲಿಯ ಕಡತವನ್ನೇ ಬಳಸುವ ಏರ್ಪಾಡೂ ಉಂಟು. ದೂರದ ಯಂತ್ರಗಳೊಡನೆ ವ್ಯವಹರಿಸಲು ಬಳಸುವ ಓಪನ್ ಎಸ್‌ಎಸ್‌ಎಚ್ ಎಂಬ ಪ್ರೋಗ್ರಾಂ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ತನ್ನ ಗುಪ್ತ ಕೀಲಿಯ ಕಡತವನ್ನು ಇತರರೂ ಓದುವಂತಿದ್ದರೆ ಅದು ಎಚ್ಚರಿಕೆಯನ್ನು ನೀಡಿ, ಆ ಕೀಲಿಯನ್ನು ಬಳಸಲು ಒಪ್ಪುವುದೇ ಇಲ್ಲ. ಹೊಸಬರು ಅದನ್ನು ಮೊಂಡುತನವೆಂದು ಶಪಿಸುವುದುಂಟು.

ಇಷ್ಟೆಲ್ಲ ಕಾಪಾಡಿಕೊಂಡ ಮೇಲೆಯೂ ಒಂದು ಸಮಸ್ಯೆ ಉಳಿಯುತ್ತದೆ. ಬಳಕೆದಾರನು ತನ್ನ ಗುಪ್ತಪದವನ್ನು ತಾನೇ ಬದಲಿಸಿಕೊಳ್ಳಬೇಕು; ಆದರೆ ಗುಪ್ತಪದಗಳ ಕಡತಕ್ಕೆ ಬರೆಯುವ ಅಧಿಕಾರ ರೂಟಿಗೆ ಮಾತ್ರ. ಪ್ರತಿಯೊಬ್ಬರಿಗಾಗಿ ರೂಟನ್ನು ಎಬ್ಬಿಸಲಾದೀತೆ? ಡೆನಿಸ್ ರಿಚಿ ಅವರು ಇದಕ್ಕೆ ಒಂದು ಪರಿಹಾರವನ್ನು ಕಂಡುಹಿಡಿದು, 1973ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ 1979ರಲ್ಲಿ ಅದರ ಹಕ್ಕುಪತ್ರವನ್ನು ಪಡೆದರು. ಕೆಲವು ಪ್ರೋಗ್ರಾಮುಗಳಿಗೆ ಒಂದು ವಿಶೇಷ ಗುರುತನ್ನು ಹಾಕಿದರೆ, ಅವನ್ನು ಯಾರೇ ನಡೆಸಿದರೂ, ಅವು ನಡೆಸಿದವನ ಉಂಗುರವನ್ನಲ್ಲದೆ ಪ್ರೋಗ್ರಾಮಿನ ಒಡೆಯನ ಉಂಗುರವನ್ನು ತೊಟ್ಟು ಓಡುತ್ತವೆ. ಗುಪ್ತಪದವನ್ನು ಬದಲಿಸುವ ಪ್ರೋಗ್ರಾಂ ಹೀಗೆ ರೂಟಿನ ಪರವಾಗಿ ನಿಂತು, ಕೇಳಿದವನ ಸಾಲೊಂದನ್ನು ಮಾತ್ರ ತಿದ್ದಿಕೊಡುತ್ತದೆ. ಯಜಮಾನನು ಕಾರಭಾರಿಗೆ ಮುಖ್ತ್ಯಾರಪತ್ರವನ್ನು ಕೊಟ್ಟಂತೆ ಇದು.

ಕಾರಭಾರಿಯು ಯಜಮಾನನ ಅಧಿಕಾರವನ್ನೂ ಗಿರಾಕಿಯ ಮಾತನ್ನೂ ಒಟ್ಟಿಗೆ ಹೊತ್ತಾಗ ಏನಾಗುತ್ತದೆ ಎಂಬುದನ್ನು ನಾರ್ಮನ್ ಹಾರ್ಡಿ ಎಂಬ ಗಣಕವಿಜ್ಞಾನಿ 1988ರಲ್ಲಿ ಬರೆದ ಒಂದು ಪುಟ್ಟ ಲೇಖನ ತೋರಿಸಿಕೊಟ್ಟಿತು. ಅದಕ್ಕೆ ಸುಮಾರು ಹನ್ನೊಂದು ವರ್ಷ ಹಿಂದೆ, ಯಂತ್ರಕಾಲವನ್ನು ಬಾಡಿಗೆಗೆ ಕೊಡುತ್ತಿದ್ದ ಟೈಮ್‌ಶೇರ್ ಎಂಬ ಅಮೆರಿಕದ ಸಂಸ್ಥೆಯಲ್ಲಿ ನಡೆದ ಘಟನೆ ಅದು. ಮುಖ್ಯವಲ್ಲದ ಕೆಲವು ವಿವರಗಳನ್ನು ಬದಲಿಸಿರುವುದಾಗಿ ಹಾರ್ಡಿಯವರೇ ಹೇಳಿದ್ದಾರೆ.

ಆ ಯಂತ್ರದಲ್ಲಿ ಸಿಸ್‌ಎಕ್ಸ್ ಎಂಬ ಕೋಶದೊಳಗೆ ಫೋರ್ಟ್ ಎಂಬ ಅನುವಾದಕ ಪ್ರೋಗ್ರಾಂ ಇತ್ತು. ಜನರು ಬರೆದುದನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವುದು ಅದರ ಕೆಲಸ. ಗಿರಾಕಿಯು ಬಯಸಿದರೆ, ತನ್ನ ತಪ್ಪುಗಳನ್ನು ಹುಡುಕಿಕೊಳ್ಳಲು ನೆರವಾಗುವ ಟಿಪ್ಪಣಿಗಳನ್ನು ಅನುವಾದಕವು ಒಂದು ಕಡತಕ್ಕೆ ಬರೆದುಕೊಡುತ್ತಿತ್ತು. ಆ ಕಡತದ ಹೆಸರನ್ನು ಗಿರಾಕಿಯೇ ಹೇಳಬೇಕು. ಇದಲ್ಲದೆ, ಭಾಷೆಯ ಯಾವ ಯಾವ ಅಂಶಗಳನ್ನು ಜನರು ಎಷ್ಟೆಷ್ಟು ಬಳಸುತ್ತಾರೆ ಎಂಬ ಅಂಕಿಅಂಶಗಳನ್ನು ಅನುವಾದಕವು ತನ್ನ ಕೋಶದಲ್ಲಿದ್ದ ಸ್ಟಾಟ್ ಎಂಬ ಕಡತದಲ್ಲಿ ಬರೆದಿಡುತ್ತಿತ್ತು. ಅದಕ್ಕಾಗಿ ಸಂಸ್ಥೆಯವರು, ತನ್ನ ಸ್ವಂತ ಕೋಶದ ಕಡತಗಳಿಗೆ ಬರೆಯುವ ಪರವಾನಗಿಯನ್ನು ಅನುವಾದಕಕ್ಕೆ ಕೊಟ್ಟಿದ್ದರು. ಅದೇ ಕೋಶದಲ್ಲಿ ಬಿಲ್ ಎಂಬ ಇನ್ನೊಂದು ಕಡತವಿತ್ತು. ಗಿರಾಕಿಗಳಿಂದ ಬರಬೇಕಾದ ಬಾಡಿಗೆಯ ಲೆಕ್ಕ ಇದ್ದುದು ಅದರಲ್ಲಿ.

ಒಬ್ಬ ಗಿರಾಕಿಗೆ ಬಿಲ್ ಎಂಬ ಕಡತದ ಹೆಸರು ಹೇಗೋ ತಿಳಿಯಿತು. ಟಿಪ್ಪಣಿಗಳನ್ನು ಎಲ್ಲಿ ಬರೆಯಬೇಕೆಂಬುದಕ್ಕೆ ಅವನು ಆ ಹೆಸರನ್ನೇ ಹೇಳಿದನು. ಅನುವಾದಕವು ಆ ಹೆಸರನ್ನು ಹಾಗೆಯೇ ಕಾರ್ಯವ್ಯವಸ್ಥೆಗೆ ಒಪ್ಪಿಸಿ, ಬರೆಯುವುದಕ್ಕಾಗಿ ತೆರೆದುಕೊಡಬೇಕೆಂದು ಕೇಳಿತು. ಕಾರ್ಯವ್ಯವಸ್ಥೆ ನೋಡಿತು: ಕೇಳುತ್ತಿರುವುದು ಅನುವಾದಕ, ಅದಕ್ಕೆ ಈ ಕೋಶದಲ್ಲಿ ಬರೆಯುವ ಪರವಾನಗಿ ಇದೆ, ಅಡ್ಡಿಯಿಲ್ಲ. ಕಡತ ತೆರೆಯಿತು. ಬಾಡಿಗೆಯ ಲೆಕ್ಕದ ಮೇಲೆ ಟಿಪ್ಪಣಿಗಳು ಬಂದು ಕುಳಿತವು, ಲೆಕ್ಕ ಅಳಿಸಿಹೋಯಿತು.

ತಪ್ಪು ಯಾರದು? ಗಿರಾಕಿಯು ಬಿಲ್ ಕಡತಕ್ಕೆ ನೇರವಾಗಿ ಬರೆಯಲು ಹೋಗಿದ್ದರೆ ಕಾರ್ಯವ್ಯವಸ್ಥೆಯು ಅವನನ್ನು ತಡೆದೇ ತಡೆಯುತ್ತಿತ್ತು. ಅನುವಾದಕವು ಹೇಳಿದ ಕೆಲಸವನ್ನು ಹೇಳಿದಂತೆ ಮಾಡಿತು. ಅದಕ್ಕೆ ಕೊಟ್ಟಿದ್ದ ಪರವಾನಗಿಯೂ ಸಕಾರಣವಾದುದೇ. ಕಾರ್ಯವ್ಯವಸ್ಥೆಯು ನಿಯಮದ ಒಂದಕ್ಷರವನ್ನೂ ಮೀರಲಿಲ್ಲ. ಬಿಲ್ ಎಂಬ ಹೆಸರನ್ನು ಯಾರಾದರೂ ಹೇಳಿದರೆ ಒಪ್ಪಬೇಡವೆಂದು ಅನುವಾದಕಕ್ಕೆ ಕಲಿಸಬಹುದಾಗಿತ್ತು, ನಿಜ. ನಾಳೆ ಆ ಕೋಶಕ್ಕೆ ಇನ್ನೊಂದು ಮುಖ್ಯ ಕಡತ ಬಂದರೆ ಮತ್ತೆ ಕಲಿಸಬೇಕು. ಮರೆತ ದಿನ ಮತ್ತೆ ಇದೇ ಗತಿ.

ಹಾರ್ಡಿಯವರ ವಿಶ್ಲೇಷಣೆ ಹೀಗಿದೆ. ಅನುವಾದಕಕ್ಕೆ ಇಬ್ಬರು ಯಜಮಾನರು. ಟಿಪ್ಪಣಿಗಳನ್ನು ಬರೆಯುವಾಗ ಅದು ಗಿರಾಕಿಯ ಅಧಿಕಾರದಿಂದ ಬರೆಯಬೇಕು. ಅಂಕಿಅಂಶಗಳನ್ನು ಬರೆಯುವಾಗ ಸಂಸ್ಥೆಯ ಅಧಿಕಾರದಿಂದ ಬರೆಯಬೇಕು. ಎರಡು ಉಂಗುರಗಳೂ ಅದರ ಕೈಯಲ್ಲಿದ್ದವು. ಈ ಬಾರಿ ಯಾವುದನ್ನು ಒತ್ತುತ್ತಿದ್ದೇನೆ ಎಂದು ಹೇಳುವ ಉಪಾಯ ಮಾತ್ರ ಅದಕ್ಕಿರಲಿಲ್ಲ. ಆದುದರಿಂದಲೇ ಅವರು ತಮ್ಮ ಲೇಖನಕ್ಕೆ ‘ಗಲಿಬಿಲಿಗೊಂಡ ಕಾರಭಾರಿ’ ಎಂಬರ್ಥದ ಶೀರ್ಷಿಕೆಯನ್ನಿಟ್ಟರು. ಆ ಹೆಸರು ಶಾಸ್ತ್ರದಲ್ಲಿ ನಿಂತುಹೋಗಿದೆ.

ಕಡತದ ಹೆಸರನ್ನು ಒಂದು ದಾರಿಯಿಂದ, ಅದನ್ನು ತೆರೆಯುವ ಅಧಿಕಾರವನ್ನು ಇನ್ನೊಂದು ದಾರಿಯಿಂದ ತಂದುದೇ ಈ ಗಲಿಬಿಲಿಗೆ ಮೂಲ. ಹೆಸರನ್ನು ಯಾರು ಬೇಕಾದರೂ ಉಚ್ಚರಿಸಬಹುದು. ಅದಕ್ಕೆ ಬದಲಾಗಿ ಗಿರಾಕಿಯು, ತನ್ನ ಅಧಿಕಾರದಿಂದ ತಾನೇ ತೆರೆದ ಕಡತವನ್ನು ಅನುವಾದಕದ ಕೈಗೆ ಕೊಟ್ಟಿದ್ದರೆ? ಹೆಸರೂ ಅಧಿಕಾರವೂ ಬೇರ್ಪಡದಂತೆ ಒಂದೇ ಗಂಟಾಗಿ ಕೈಸೇರುತ್ತಿದ್ದವು. ಈ ವಿಚಾರ ಹಾರ್ಡಿಯವರಿಗಿಂತ ಹಿಂದಿನದು. ಜಾಕ್ ಡೆನಿಸ್ ಮತ್ತು ಅರ್ಲ್ ವ್ಯಾನ್ ಹಾರ್ನ್ ಅವರು 1966ರಲ್ಲಿಯೇ ಇದನ್ನು ಮಂಡಿಸಿದ್ದರು. ಟೈಮ್‌ಶೇರಿನ ಘಟನೆ ಅದರ ಅಗತ್ಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು.

ಇದೇ ವಿಚಾರದ ಒಂದು ಚಿಕ್ಕ ರೂಪವನ್ನು ಯುನಿಕ್ಸ್ ಬಳಸುವವರು ದಿನವೂ ಕಾಣುತ್ತಾರೆ. ಅಲ್ಲಿ ಬಳಕೆದಾರನ ಆದೇಶಗಳನ್ನು ಕೇಳಿಸಿಕೊಳ್ಳುವ ಪ್ರೋಗ್ರಾಮಿಗೆ ಶೆಲ್ ಎಂದು ಹೆಸರು. ಒಂದು ಆದೇಶದ ಮುಂದೆ ಬಾಣದ ತುದಿಯಂತಿರುವ > ಎಂಬ ಗುರುತನ್ನು ಹಾಕಿ ಕಡತದ ಹೆಸರನ್ನು ಬರೆದರೆ, ಆ ಆದೇಶದಿಂದ ಬಂದ ಫಲಿತವೆಲ್ಲ ತೆರೆಯ ಮೇಲೆ ಬಾರದೆ ಕಡತಕ್ಕೆ ಹೋಗುತ್ತದೆ. ಆ ಕಡತವನ್ನು ತೆರೆಯುವುದು ಆದೇಶಿಸಿದ ಪ್ರೋಗ್ರಾಂ ಅಲ್ಲ. ಪ್ರೋಗ್ರಾಂ ಹುಟ್ಟುವ ಮೊದಲೇ ಶೆಲ್ ತನ್ನ ಬಳಕೆದಾರನ ಅಧಿಕಾರದಿಂದ ಅದನ್ನು ತೆರೆದು, ತೆರೆದ ಕಡತವನ್ನೇ ಅದರ ಕೈಗಿಡುತ್ತದೆ. ಪ್ರೋಗ್ರಾಮಿಗೆ ಕಡತದ ಹೆಸರು ಕೂಡ ತಿಳಿಯಬೇಕಾಗಿಲ್ಲ.

ಇದನ್ನರಿಯದ ಹೊಸಬರು ಒಂದು ಕಡೆ ಎಡವುತ್ತಾರೆ. ಒಂದು ಆದೇಶವನ್ನು ರೂಟಿನ ಅಧಿಕಾರದಿಂದ ನಡೆಸಲು ಅದರ ಮುಂದೆ ‘ಸುಡೂ’ ಎಂಬ ಪದವನ್ನು ಸೇರಿಸುವುದುಂಟು. ಅವರು ಸುಡೂ ಎಂದು ಬರೆದು, ಆದೇಶವನ್ನು ಬರೆದು, > ಗುರುತಿನ ಮುಂದೆ ರೂಟಿಗೆ ಸೇರಿದ ಒಂದು ಕಡತದ ಹೆಸರನ್ನು ಬರೆಯುತ್ತಾರೆ. ರೂಟಿನ ಉಂಗುರವೇ ಕೈಯಲ್ಲಿರುವಾಗ ತಡೆಯುವವರು ಯಾರು ಎಂದು ಅವರ ಎಣಿಕೆ. ಆದರೆ ಸುಡೂ ಎಂಬುದು ಆದೇಶಕ್ಕೆ ಮಾತ್ರ ಉಂಗುರವನ್ನು ತೊಡಿಸುತ್ತದೆ. ಕಡತವನ್ನು ತೆರೆಯಲು ಹೋದ ಶೆಲ್ಲಿನ ಬೆರಳಿನಲ್ಲಿ ಇರುವುದು ಸಾಮಾನ್ಯ ಬಳಕೆದಾರನ ಉಂಗುರವೇ. ಹೀಗಾಗಿ ತೆರೆಯ ಮೇಲೆ ‘ಅನುಮತಿ ಇಲ್ಲ’ ಎಂಬ ಉತ್ತರ ಮೂಡುತ್ತದೆ. ಆದೇಶವು ಆರಂಭವೇ ಆಗುವುದಿಲ್ಲ, ಕಡತವು ಮೊದಲು ಹೇಗಿತ್ತೋ ಹಾಗೆಯೇ ಉಳಿಯುತ್ತದೆ.